ನಮ್ದು ಆಮ್ಯಾಲ ಮಾಡಿದ್ರಾತು

ದುಬೈಗೆ ಬಂದು ಹನ್ನೊಂದು ವರ್ಷವಾಯಿತು. ಧರ್ಮದ ಹೆಸರಲ್ಲಿ ಬೀದಿಜಗಳ ಇಲ್ಲಿ ಒಂದೂ ನೋಡಿಲ್ಲ. ಯಾವ ಧರ್ಮವನ್ನೂ ಹೀಯಾಳಿಸಬಾರದು ಅಂತ 2015ರಲ್ಲೇ ಕಾಯ್ದೆ ಬಂತು. ತಪ್ಪಿದರೆ ಜೈಲು, ದಂಡ. ನಮ್ಮ ರೂಮಿನವನೊಬ್ಬ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಓದದೇ ಅಳಿಸುತ್ತಾನೆ! ಜೆಬೆಲ್ ಅಲಿಯಲ್ಲಿ 2022ರಲ್ಲಿ ತೆರೆದ ದೇವಸ್ಥಾನಕ್ಕೆ ಹೋದರೆ ಹತ್ತಿರದಲ್ಲೇ ಗುರುದ್ವಾರ, ಚರ್ಚು. ನೆಮ್ಮದಿ ಇದೆ, ಸುಳ್ಳು ಹೇಳಲ್ಲ. ಆದರೆ ಪಕ್ಕದ ಮನೆಯವರ ಹೆಸರು ನನಗಿನ್ನೂ ಗೊತ್ತಿಲ್ಲ.

ನಮ್ಮ ಬೆಳಗಾವಿಯಲ್ಲಿ ಹೆಸರು ಗೊತ್ತಿಲ್ಲದೆ ನಡೆಯಲ್ಲ. 2023ರ ಸೆಪ್ಟೆಂಬರ್ 28ಕ್ಕೆ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಬಂದವು. ಅಲ್ಲಿಯ ಗಣಪತಿ ವಿಸರ್ಜನೆ ಗೊತ್ತಲ್ವಾ? ಸಂಜೆ ಹೊರಟ ಮೆರವಣಿಗೆ ಬೆಳಗಾದರೂ ಕಪಿಲೇಶ್ವರ ಹೊಂಡ ಮುಟ್ಟಿರುವುದಿಲ್ಲ. ಡಾಲ್ಬಿ ಸ್ಪೀಕರ್‌ಗಳ ಸದ್ದಿಗೆ ಕಿಟಕಿ ಗಾಜು ನಡುಗುತ್ತವೆ. ಮುಸ್ಲಿಂ ಹಿರಿಯರು ಕೂತು ಮಾತಾಡಿ ಮಿಲಾದ್ ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಅಲ್ಲಿರುವ ನನ್ನ ಬಾಲ್ಯದ ದೋಸ್ತನಿಗೆ ಫೋನ್ ಮಾಡಿದೆ. “ಗಣಪತಿ ಹೋಗ್ಲಿ ಮೊದ್ಲ. ನಮ್ದು ಆಮ್ಯಾಲ ಮಾಡಿದ್ರಾತು ತಗೋ” ಅಂದ.

ಆಮೇಲೆ ಅವನೇ ಮೆಕ್ಕಾ ಹತ್ತಿರದ ಹುದೈಬಿಯಾದಲ್ಲಿ ನಡೆದ ಕಥೆ ಹೇಳಿದ. 628ರಲ್ಲಿ ಪ್ರವಾದಿಗಳು ಉಮ್ರಾಕ್ಕೆಂದು, ಅಂದರೆ ಮೆಕ್ಕಾ ಯಾತ್ರೆಗೆಂದು, ಸುಮಾರು 1400 ಜನರ ಜೊತೆ ಹೊರಟಿದ್ದರು. ಮೆಕ್ಕಾದವರು ತಡೆದರು. ಕೊನೆಗೆ ಒಪ್ಪಂದವಾಯಿತು: ಈ ವರ್ಷ ವಾಪಸ್ ಹೋಗಿ, ಮುಂದಿನ ವರ್ಷ ಬನ್ನಿ. ಒಪ್ಪಂದದಲ್ಲಿ ‘ಅಲ್ಲಾಹನ ದೂತ’ ಎಂಬ ಮಾತಿಗೂ ಮೆಕ್ಕಾದವರು ತಕರಾರು ತೆಗೆದರು. ಪ್ರವಾದಿಗಳು ಅದನ್ನೂ ಅಳಿಸಲು ಒಪ್ಪಿದರು. ಪ್ರವಾದಿಗಳ ಸಂಗಡಿಗ ಉಮರ್‌ಗೆ ಸಿಟ್ಟು ಬಂತು, ನಾವೇಕೆ ಬಗ್ಗಬೇಕು ಅಂತ ನೇರವಾಗಿ ಕೇಳಿಯೇಬಿಟ್ಟರು. ಈ ಭಾಗ ನನಗೆ ಬಹಳ ಹಿಡಿಸಿತು. ಸಿಟ್ಟು ಬಂದವರ ಮಾತನ್ನೂ ಕಥೆಯಲ್ಲಿ ಉಳಿಸಿಕೊಂಡಿದ್ದಾರೆ.

2024ರಲ್ಲಿ ಹಬ್ಬಗಳು ಒಂದೇ ದಿನದ ಅಂತರದಲ್ಲಿ ಬಂದವು. ದೋಸ್ತನ ಮಗ ಉಮರ್ ಥರಾನೇ ಕೇಳಿದನಂತೆ: “ಪ್ರತಿ ಸಲ ನಾವ ಯಾಕ ಬಿಡಬೇಕು, ಅಬ್ಬಾ?”

ಅಪ್ಪ ಏನು ಹೇಳಬೇಕು? ಉತ್ತರ ಕೊಡಬೇಕಾದವರು ನಾವು, ಗಣಪತಿ ಕೂರಿಸುವವರು. ಹುದೈಬಿಯಾದ ಮಾತಿನಂತೆ ಮರುವರ್ಷ ಮೆಕ್ಕಾದವರು ಮೂರು ದಿನ ಊರು ತೆರವು ಮಾಡಿಕೊಟ್ಟರಲ್ಲ. ದುಬೈ ಕಾಯ್ದೆ ಬಾಯಿ ಮುಚ್ಚಿಸುತ್ತದೆ, ಸರಿ. ಹೀಗೆ ಜಾಗ ಬಿಟ್ಟುಕೊಡುವುದನ್ನು ಅದು ಎಲ್ಲಿಂದ ಕಲಿಸೀತು?

ಮೊನ್ನೆ ನಮ್ಮ ಗಲ್ಲಿಯ ಮಂಡಳದ ಹುಡುಗನಿಗೆ ಫೋನ್ ಮಾಡಿ, ಮಸೀದಿ ದಾಟುವವರೆಗಾದರೂ ಡಾಲ್ಬಿ ಬಂದ್ ಮಾಡ್ತೀರೇನು ಅಂತ ಕೇಳಿದೆ. ಒಂದು ಗಳಿಗೆ ಸುಮ್ಮನಿದ್ದ.

“ನೋಡೂಣ ಅಣ್ಣಾ. ಮೀಟಿಂಗ್‌ನಾಗ ಹೇಳಿ ನೋಡ್ತೀನಿ.”