ಮಾತ್ರೆ ಬಿಟ್ಟವರನ್ನು ಬೈಯುವ ಮುಂಚೆ

ಮನೆಯ ಹಿರಿಯರು ಮಾತ್ರೆ ಬಿಟ್ಟರು ಅಂತ ಗೊತ್ತಾದ ಕೂಡಲೇ ನಾವು ರೇಗುತ್ತೇವೆ. ಯಾಕೆ ಬಿಟ್ಟಿರಿ ಅಂತ ಕೇಳುವವರು ಕಡಿಮೆ. ಕೇಳಿ ನೋಡಿ, ಬಹಳಷ್ಟು ಸಲ ಒಪ್ಪುವಂಥ ಕಾರಣವೇ ಇರುತ್ತದೆ.

ನನ್ನ ಸೋದರತ್ತೆ ಹಾಸನದಿಂದ ಧರ್ಮಸ್ಥಳದ ಬಸ್ಸು ಹತ್ತುವ ದಿನ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ನುಂಗುತ್ತಿರಲಿಲ್ಲ. ಶಿರಾಡಿ ಘಾಟಿಯಲ್ಲಿ ಬಸ್ಸು ನಿಲ್ಲಿಸಿ ಅಂತ ಕೇಳುವ ಸಂಕಟ ಅವರದು. ಡಾಕ್ಟರಿಗೆ ಹೇಳಿದ್ದೇ ತಡ, ಊರು ಮುಟ್ಟಿದ ಮೇಲೆ ತಗೊಳ್ಳಿ ಅಂದರು. ಅಷ್ಟೇ. ಏಕಾದಶಿ ದಿನ ಶುಗರ್ ಮಾತ್ರೆಯನ್ನೂ ಬಿಡುತ್ತಿದ್ದರು. ಅದರಲ್ಲೂ ವಿವೇಕವಿತ್ತು: ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಉಪವಾಸ ಕೂತರೆ ಸಕ್ಕರೆ ಕುಸಿದು ಬೆವರು, ನಡುಕ ಶುರುವಾಗುತ್ತದೆ, ಎಚ್ಚರ ತಪ್ಪುವುದೂ ಉಂಟು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಯನ್ನು ಹಾಗೆ ತಾವಾಗಿ ಬಿಡುವಂತಿಲ್ಲ. ಈ ವ್ಯತ್ಯಾಸವನ್ನು ಅವರಿಗೆ ಕೂರಿಸಿ ಹೇಳಿದವರು ಯಾರು? ದಿನವೂ ತಮ್ಮ ಮೈಯ ಬಗ್ಗೆ ತೀರ್ಮಾನ ತೆಗೆದುಕೊಳ್ಳುವವರು ಅವರೇ. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಮಾತ್ರ ಕೊಡದೆ, ಹೇಳಿದ್ದು ಕೇಳಿ ಸಾಕು ಅನ್ನುತ್ತೇವೆ. ಇದು ಅನ್ಯಾಯ.

ಮೆಡಿಕಲ್ ಶಾಪಿನಲ್ಲಿ ಶೀಟು ಕತ್ತರಿಸಿ ಕೊಡುವಾಗ ಔಷಧದ ಹೆಸರು, ಕಡೆಯ ದಿನಾಂಕ ಎರಡೂ ಎಷ್ಟೋ ಸಲ ಆಚೆ ತುಂಡಿನಲ್ಲೇ ಉಳಿದುಬಿಡುತ್ತವೆ. ಉಳಿಯುವ ಗುರುತು ಬಣ್ಣ ಒಂದೇ. ಮುಂದಿನ ತಿಂಗಳು ಬೇರೆ ಕಂಪನಿಯದು ಬಂದರೆ ಅದೂ ಹೋಯಿತು. ಹೃದಯದ ಡಾಕ್ಟರು ಬರೆದ ಬಿಪಿ ಮಾತ್ರೆ ಟೆಲ್ಮಿಸಾರ್ಟನ್, ಶುಗರ್ ಡಾಕ್ಟರ ಚೀಟಿಯಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ಬಂದರೆ ಪತ್ತೆ ಹಚ್ಚುವುದು ಹೇಗೆ? ಇದರ ಮೇಲೆ ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್ ತಾವೇ ಕೇಳಿ ತರುತ್ತಾರೆ. ಟೆಲ್ಮಿಸಾರ್ಟನ್, ನೀರಿನ ಮಾತ್ರೆ, ನೋವಿನ ಮಾತ್ರೆ ಮೂರೂ ಕೂಡಿದರೆ ಕಿಡ್ನಿಗೆ ಪೆಟ್ಟು ಬೀಳುವ ಅಪಾಯ ಹೆಚ್ಚು, ವಯಸ್ಸಾದವರಲ್ಲಂತೂ ಇನ್ನೂ ಹೆಚ್ಚು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಬೇಕು ಅನ್ನುವುದೂ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ.

ದಿನಕ್ಕೆ ಐದೋ ಅದಕ್ಕಿಂತ ಹೆಚ್ಚೋ ಔಷಧ ನುಂಗುವವರು ನಿಮ್ಮ ಮನೆಯಲ್ಲಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ ಚೂರ್ಣ, ನೆಂಟರು ಕೊಟ್ಟ ವಿಟಮಿನ್ ಡಬ್ಬಿ ಕೂಡ ಇರಲಿ. ಮಾತು ನೀವು ಆಡಬೇಡಿ, ಅಮ್ಮನೋ ಅಪ್ಪನೋ ಆಡಲಿ. ಯಾವ ಮಾತ್ರೆ ಬಿಡುತ್ತೇನೆ, ಯಾಕೆ ಬಿಡುತ್ತೇನೆ ಅಂತ ಅವರೇ ಹೇಳಲಿ. ಇದರಲ್ಲಿ ಯಾವುದನ್ನು ನಿಲ್ಲಿಸಬಹುದು ಅಂತಲೂ ಕೇಳಿಸಿ. ಯಾವತ್ತೋ ನೋವಿನ ಮಾತ್ರೆಯ ಜೊತೆ ಕೆಲವು ದಿನಕ್ಕೆಂದು ಬರೆದ ಗ್ಯಾಸ್ ಮಾತ್ರೆ, ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ನಡೆದುಬಂದಿರಬಹುದು.