ಹೊಸ ಕೆಲಸ, ಹೊಸ ಕಂಪ್ಯೂಟರ್, ಹಳೆಯ ಕಚೇರಿಯಲ್ಲೇ ಉಳಿದುಹೋದ ಒಂದು ಫೈಲ್

ಮೂರು ವಾರದಿಂದ ಈ ಕಡೆ ತಲೆ ಹಾಕಿರಲಿಲ್ಲ. ಹೊಸ ಕೆಲಸ ಹಿಡಿಸಿತಾ ಅಂತ ಕೇಳಿದವರಿಗೆಲ್ಲ ಒಂದೊಂದು ಸಾಲಿನ ಉತ್ತರ ಕೊಟ್ಟು ಸುಮ್ಮನಾಗಿದ್ದೆ. ಇವತ್ತು ರಜೆ. ಕೂತು ಬರೆಯುತ್ತಿದ್ದೇನೆ, ಅದೂ ಹೊಸ ಕಂಪ್ಯೂಟರಿನಲ್ಲಿ.

ಒಂಬತ್ತು ವರ್ಷ ಒಂದೇ ಕಡೆ ದುಡಿದು ಹೋದ ತಿಂಗಳು ಬಿಟ್ಟೆ. ಹೊಸ ಕಡೆಯೂ ಕೆಲಸ ಅದೇ, ಸಾಫ್ಟ್‌ವೇರ್ ಬಳಸುವವರಿಗೆ ಕೈಪಿಡಿ ಬರೆಯುವುದು. ಸೇರಿದ ವಾರವೇ ನನ್ನ ಸ್ವಂತ ದುಡ್ಡಿನಲ್ಲಿ ಒಂದು ಲ್ಯಾಪ್‌ಟಾಪ್ ಕೊಂಡೆ. "ಆಫೀಸಿನವರೇ ಒಂದು ಕೊಡ್ತಾರಲ್ಲ, ಮತ್ತೊಂದು ಯಾಕೆ?" ಅಂತ ಮನೆಯಲ್ಲೂ ಕೇಳಿದರು, ಸ್ನೇಹಿತರೂ ಕೇಳಿದರು. ಇದೇ ಪ್ರಶ್ನೆಯನ್ನು ಒಂಬತ್ತು ವರ್ಷದ ಹಿಂದೆ ನಾನೂ ಕೇಳಿಕೊಂಡಿದ್ದೆ, ಬೇಡ ಅಂತ ತೀರ್ಮಾನಿಸಿದ್ದೆ. ಆ ತೀರ್ಮಾನ ತಪ್ಪಾಗಿತ್ತು.

ಹಳೆಯ ಕೆಲಸಕ್ಕೆ ಸೇರಿದ ದಿನದಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೆ. ದಿನದ ಕೊನೆಗೆ ಒಂದು ಸಾದಾ ಟೆಕ್ಸ್ಟ್ ಫೈಲ್ ತೆರೆದು, ತಾರೀಖು ಹಾಕಿ, ಒಂದೇ ಸಾಲು ಬರೆಯುವುದು. ಹೆಚ್ಚಿನವು ಕೆಲಸದ ಸಾಲುಗಳು: ಯಾವ ಅಧ್ಯಾಯ ಮುಗಿಯಿತು, ಯಾವ ಚಿತ್ರ ಬದಲಾಗಬೇಕು, ಯಾರಿಂದ ಉತ್ತರ ಬರಬೇಕು. ನಡುನಡುವೆ ಮನೆಯವೂ ಸೇರಿಕೊಂಡವು. ಮಗಳು ಯಾರೂ ಹಿಡಿಯದೆ ಸೈಕಲ್ ಹೊಡೆದ ದಿನ. ಅಮ್ಮನ ಕಣ್ಣಿನ ಆಪರೇಷನ್ ಆದ ದಿನ. ಎರಡು ಸಾವಿರಕ್ಕೂ ಹೆಚ್ಚು ಸಾಲು ಇದ್ದಿರಬೇಕು. ಪೂರ್ತಿಯಾಗಿ ಒಮ್ಮೆಯೂ ತಿರುಗಿ ಓದಿರಲಿಲ್ಲ; ಅಲ್ಲಿದೆ ಅನ್ನುವುದೇ ಸಾಕಾಗಿತ್ತು.

ಕೊನೆಯ ದಿನ ಬೀಳ್ಕೊಡುಗೆ, ಫೋಟೋ, ಸಹಿ, ಐಡಿ ಕಾರ್ಡು, ಚಾರ್ಜರ್ ಎಲ್ಲ ಮುಗಿಸಿ ಲ್ಯಾಪ್‌ಟಾಪ್ ಕೊಟ್ಟು ಬಂದೆ. ರಾತ್ರಿ ಎಂದಿನಂತೆ ಒಂದು ಸಾಲು ಬರೆಯೋಣ ಅಂತ ಕೈ ಹೋದಾಗಲೇ ಫೈಲು ನೆನಪಾದದ್ದು. ಮರುದಿನ ಬೆಳಿಗ್ಗೆಯೇ ಫೋನ್ ಮಾಡಿದೆ. ಯಂತ್ರವನ್ನು ಆಗಲೇ ರೀಸೆಟ್ ಮಾಡಿ ಮುಂದಿನವರಿಗೆ ಸಿದ್ಧಪಡಿಸಿದ್ದರು. ಅವರದ್ದು ಏನೂ ತಪ್ಪಿಲ್ಲ. ನಿಯಮ ಮೊದಲ ದಿನವೇ ನಾನು ಸಹಿ ಹಾಕಿದ ಕಾಗದದಲ್ಲಿತ್ತು.

ಅಳಿಸಿದ್ದನ್ನು ವಾಪಸ್ ತೆಗೆಯುವ ಸಾಫ್ಟ್‌ವೇರ್ ಇದೆಯಲ್ಲ ಅಂತ ಹಲವರು ಹೇಳಿದರು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಅಳಿಸಿದರೂ ಅದರ ಮೇಲೆ ಬೇರೇನೋ ಬರೆಯುವ ತನಕ ಒಳಗಿನ ಮಾಹಿತಿ ಹಾಗೇ ಕೂತಿರುತ್ತಿತ್ತು, ಹಾಗಾಗಿ ಆ ಮಾತು ಬಂದಿದೆ. ಈಗಿನ ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್‌ನಲ್ಲಿ, ಹಾಗಲ್ಲ. ಯಾವ ಜಾಗ ಖಾಲಿಯಾಯಿತು ಅಂತ ಆಪರೇಟಿಂಗ್ ಸಿಸ್ಟಮ್ 'ಟ್ರಿಮ್' ಅನ್ನುವ ಆದೇಶದ ಮೂಲಕ ಡಿಸ್ಕ್‌ಗೆ ಹೇಳುತ್ತದೆ, ಡಿಸ್ಕ್ ತನಗೆ ಬಿಡುವಾದಾಗ ಆ ಜಾಗವನ್ನು ನಿಜಕ್ಕೂ ಬರಿದು ಮಾಡುತ್ತದೆ. ಅದರ ಮೇಲೆ ಕಚೇರಿಯ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಪೂರ್ತಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಒಳಗಿನದೆಲ್ಲ ಕೀಲಿ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲಿರುತ್ತದೆ. ಕೀಲಿಯೊಂದನ್ನು ಅಳಿಸಿದರೆ ಸಾಕು, ಉಳಿದದ್ದೆಲ್ಲ ಅರ್ಥವಿಲ್ಲದ ಸೊನ್ನೆ ಒಂದುಗಳ ರಾಶಿ.

ದುಃಖ ಆಯಿತು, ಈಗಲೂ ಇದೆ. ಆದರೆ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ಆ ಫೈಲನ್ನು ಕೊನೆಯ ದಿನ ನೆನಪಿಸಿಕೊಂಡಿದ್ದರೂ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುವ ಹಕ್ಕು ನನಗೆ ಇತ್ತಾ? ಅದರಲ್ಲಿ ಇನ್ನೂ ಬಿಡುಗಡೆಯಾಗದ ಕೆಲಸಗಳ ವಿವರ ಇತ್ತು, ಬೇರೆಯವರ ಹೆಸರು ಇತ್ತು. ಅವು ಕಚೇರಿಗೆ ಸೇರಿದವು, ಹೊರಗೆ ತರುವಂಥವಲ್ಲ. ಮಗಳ ಸೈಕಲ್ ಕಚೇರಿಯದ್ದಲ್ಲ. ಎರಡನ್ನೂ ಒಂದೇ ಪುಟದಲ್ಲಿ ಹೆಣೆದವನು ನಾನು. ಹೆಣೆದ ಮೇಲೆ ಬಿಡಿಸುವುದಕ್ಕೆ ಕೊನೆಯ ದಿನ ಸಮಯ ಎಲ್ಲಿರುತ್ತದೆ?

ಅದಕ್ಕೇ ಈ ಸಲ ಗೆರೆಯನ್ನು ಮೊದಲ ದಿನವೇ ಎಳೆದೆ. ಇದು ಎಲ್ಲರೂ ಮಾಡಲೇಬೇಕಾದ ಕೆಲಸ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಕಚೇರಿಯ ಯಂತ್ರದಲ್ಲಿ ಕಚೇರಿಯ ಕೆಲಸ ಮಾತ್ರ. ಆ ಯಂತ್ರಗಳನ್ನು ದೂರದಿಂದಲೇ ಬೀಗ ಹಾಕುವ, ಪೂರ್ತಿ ಅಳಿಸುವ ವ್ಯವಸ್ಥೆ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಕಳ್ಳತನವಾದರೆ ಅದು ಬೇಕೂ ಬೇಕು. ಹಾಗಿರುವಾಗ ಅಲ್ಲಿ ಮಕ್ಕಳ ಫೋಟೋ, ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡು, ವೈದ್ಯಕೀಯ ರಿಪೋರ್ಟು ಯಾಕಿರಬೇಕು? ಇಮೇಲ್ ವಿಷಯ ಇನ್ನೂ ಸೂಕ್ಷ್ಮ. ನಾನು ಎರಡು ಖಾತೆಗಳನ್ನು ಹಳೆಯ ಕಚೇರಿಯ ವಿಳಾಸ ಕೊಟ್ಟು ತೆರೆದಿದ್ದೆ. ಆ ಇಮೇಲ್ ಮುಚ್ಚಿದ ಮೇಲೆ ಪಾಸ್‌ವರ್ಡ್ ಬದಲಿಸುವ ಸಂದೇಶ ಎಲ್ಲಿಗೂ ಬರುವುದಿಲ್ಲ. ಒಂದನ್ನು ಹೇಗೋ ಬಿಡಿಸಿಕೊಂಡೆ, ಇನ್ನೊಂದು ಹೋಯಿತು. ಕೆಲಸ ಬಿಡುವ ಯೋಚನೆ ಇಲ್ಲದವರೂ ಇವತ್ತು ರಾತ್ರಿ ಒಮ್ಮೆ ನೋಡಿಕೊಳ್ಳಿ. ಎಷ್ಟೋ ಜನರಿಗೆ ಕೊನೆಯ ದಿನ ಯಾವುದು ಅಂತ ಆ ದಿನವೇ ಗೊತ್ತಾಗುತ್ತದೆ.

ಇನ್ನು ಹೊಸ ಲ್ಯಾಪ್‌ಟಾಪ್. 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ತೆರೆದು ನೋಡಿದ ಮಗಳು "ಇದರಲ್ಲಿ 476 ಅಂತಿದೆ, ಮೋಸ ಹೋದ್ಯಾ ಅಪ್ಪಾ?" ಅಂದಳು. ಮೋಸ ಅಲ್ಲ. ತಯಾರಕರು ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್ ಅಂತ ಲೆಕ್ಕ ಹಾಕುತ್ತಾರೆ. ವಿಂಡೋಸ್ 1024ರ ಮೂರನೇ ಘಾತ, ಅಂದರೆ ಸುಮಾರು 107 ಕೋಟಿ ಬೈಟ್ ಅಂತ ಲೆಕ್ಕ ಹಾಕಿ ತೋರಿಸುತ್ತದೆ. ಇಬ್ಬರೂ ಕೂತು ಕಾಗದದ ಮೇಲೆ ಭಾಗಾಕಾರ ಮಾಡಿದೆವು, ಸರಿಹೋಯಿತು. ಬಹಳ ದಿನದ ಮೇಲೆ ಅವಳ ಜೊತೆ ಹಾಗೆ ಕೂತಿದ್ದು.

ಆಮೇಲೆ ಮಾಡಿದ ಮೊದಲ ಕೆಲಸ, ಡಿಸ್ಕ್ ಎನ್‌ಕ್ರಿಪ್ಷನ್‌ನ 48 ಅಂಕಿಯ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದು ದಾಖಲೆಗಳ ಜೊತೆ ಇಟ್ಟಿದ್ದು. ನನ್ನ ಡಿಸ್ಕ್‌ನಿಂದ ನಾನೇ ಹೊರಗೆ ನಿಲ್ಲುವ ಹಾಗಾಗಬಾರದು. ಎರಡನೆಯದು ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಈ ಸೂತ್ರ ಓದಿ ವರ್ಷಗಳಾಗಿದ್ದವು, ಈಗ ಪಾಲಿಸುತ್ತಿದ್ದೇನೆ. ಕ್ಲೌಡಿನಲ್ಲಿ ಸಿಂಕ್ ಆಗುತ್ತಲ್ಲ ಅನ್ನುವವರಿಗೆ ಒಂದು ಮಾತು: ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್‌ನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ಕನ್ನಡ ಕೀಲಿಮಣೆ ಹಾಕಿಕೊಂಡ ಮೇಲೆಯೇ ಯಂತ್ರ ನನ್ನದು ಅನ್ನಿಸಿತು. ಕೆ.ಪಿ. ರಾವ್ ಅವರ ವಿನ್ಯಾಸ ಬೆರಳಿಗೆ ಅಂಟಿಹೋಗಿದೆ. ಒತ್ತಕ್ಷರ ಬರುವ ಕಡೆ ಎಡಗೈ ತೋರುಬೆರಳು ತಾನಾಗಿ 'ಎಫ್' ಕೀಲಿಗೆ ಹೋಗುತ್ತದೆ. ಹಳೆಯ ಬ್ಯಾಕಪ್ ಡಿಸ್ಕ್‌ನಲ್ಲಿ ಕಾಲೇಜು ದಿನಗಳ ಕೆಲವು ಕನ್ನಡ ಬರಹ ಸಿಕ್ಕವು, ತೆರೆದರೆ ಅರ್ಥವಾಗದ ಲ್ಯಾಟಿನ್ ಅಕ್ಷರಗಳ ಸಾಲು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ, ಆದರೆ ನಾವು ಬಹಳ ವರ್ಷ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳಲ್ಲೇ ಬರೆದೆವು. ಆ ಫಾಂಟು ಇಲ್ಲದಿದ್ದರೆ ಕನ್ನಡವೂ ಇಲ್ಲ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಸಾಫ್ಟ್‌ವೇರ್‌ಗೆ ಹಾಕಿದೆ, ಬಹುಪಾಲು ಬಂತು. ಅರ್ಕಾವತ್ತು ಇರುವ ಕಡೆ ಮಾತ್ರ ಅಕ್ಷರ ಹಿಂದುಮುಂದಾಗಿದೆ, ಅದನ್ನು ಕೈಯಲ್ಲೇ ತಿದ್ದುತ್ತಿದ್ದೇನೆ. ಇವನ್ನೂ ಕಳೆದುಕೊಳ್ಳಲು ನಾನು ತಯಾರಿಲ್ಲ.

ಹೊಸ ಕೆಲಸದ ಬಗ್ಗೆ ಹೇಳುವುದು ಇನ್ನೂ ಕಡಿಮೆ. ಒಂಬತ್ತು ವರ್ಷ "ಅವರನ್ನು ಕೇಳಿ" ಅಂತ ಜನ ನನ್ನ ಕಡೆ ಬೆರಳು ತೋರಿಸುತ್ತಿದ್ದರು. ಈಗ ಕೇಳುವವನು ನಾನು. ಫೈಲು ಯಾವ ಫೋಲ್ಡರಿನಲ್ಲಿ, ಮೀಟಿಂಗಿನಲ್ಲಿ ಹಾರಾಡುವ ಮೂರಕ್ಷರದ ಹೆಸರುಗಳ ಅರ್ಥ ಏನು, ಯಾರು ಒಪ್ಪಿದರೆ ಕೈಪಿಡಿ ಮುಂದೆ ಹೋಗುತ್ತದೆ, ಎಲ್ಲವನ್ನೂ ಕೇಳಬೇಕು. ಮೊದಲ ವಾರ ಕೇಳಲು ಸಂಕೋಚಪಟ್ಟು ಒಂದು ಅಧ್ಯಾಯವನ್ನು ಹಳೆಯ ಆವೃತ್ತಿಯ ಮೇಲೆ ಬರೆದೆ, ಎರಡು ದಿನ ವ್ಯರ್ಥವಾಯಿತು. ಪಕ್ಕದ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು, "ಸರ್, ಕೇಳಿಬಿಡಿ, ನಂಗೂ ಆರು ತಿಂಗಳು ಬೇಕಾಯ್ತು" ಅಂದಳು. ಆ ಮಾತಿಗೆ ನಾನು ಋಣಿ. ಅವಳು ಹೇಳಿದ್ದನ್ನೆಲ್ಲ ಕಚೇರಿಯ ಯಂತ್ರದಲ್ಲೇ ಒಂದು ಟಿಪ್ಪಣಿಯಾಗಿ ಕೂಡಿಡುತ್ತಿದ್ದೇನೆ, ಮುಂದೆ ಸೇರುವವರಿಗೆ ಅಲ್ಲೇ ಸಿಗಲಿ.

ಮನೆಯ ಲ್ಯಾಪ್‌ಟಾಪಿನಲ್ಲಿ ಹೊಸ ಫೈಲ್ ತೆರೆದು ಮೂರು ವಾರವಾಯಿತು. ಈ ಸಲ ಅದರಲ್ಲಿ ಕೆಲಸದ ಹೆಸರು, ಅಧ್ಯಾಯದ ಸಂಖ್ಯೆ ಯಾವುದೂ ಇಲ್ಲ. ನೆನಪಿದ್ದಷ್ಟು ಹಳೆಯ ಸಾಲುಗಳನ್ನು ಮೇಲೆ ಸೇರಿಸಿದ್ದೇನೆ, ಹದಿನೇಳು ಆಗಿವೆ. ಸೈಕಲ್ಲಿನದು ಯಾವ ತಾರೀಖು ಅಂತ ಮಗಳಿಗೂ ನೆನಪಿಲ್ಲ. ಮಳೆ ಬಂದು ನಿಂತಿತ್ತು, ಮೊಣಕಾಲು ತರಚಿತ್ತು, ಅಷ್ಟು ಗೊತ್ತು ಅಂದಳು. ತಾರೀಖಿನ ಜಾಗ ಖಾಲಿ ಬಿಟ್ಟು ಅಷ್ಟನ್ನೇ ಬರೆದೆ.