ಹೌದು, ನಾನು ಆಡೋದು ಈಸಿ ಮೋಡ್‌ನಲ್ಲೇ

ಭಾನುವಾರ ಅಕ್ಕನ ಮಗ ಬಂದಿದ್ದ. ನಾನು ಆಡ್ತಿದ್ದ ಗೇಮ್‌ನ ಸೆಟ್ಟಿಂಗ್ಸ್ ತೆಗೆದು ನೋಡಿ, "ಮಾಮ, ಈಸಿನಾ? 30 ವರ್ಷದಿಂದ ಆಡ್ತೀನಿ ಅಂತೀಯ, ಈಸಿನಾ?" ಅಂದ. ನೋಯಿಸ್ಬೇಕು ಅಂತ ಕೇಳಿದ್ದಲ್ಲ. ಆದ್ರೂ ಆ ಮಾತು ಮನಸ್ಸಿಂದ ಹೋಗ್ತಿಲ್ಲ. ನನಗೀಗ 49. ಈಸಿ ಮೋಡ್‌ನಲ್ಲೇ ಆಡ್ತೀನಿ, ಇನ್ಮುಂದೆನೂ ಅಷ್ಟೇ. ಅದ್ರಲ್ಲಿ ತಲೆ ತಗ್ಗಿಸೋ ಅಂಥದ್ದು ಏನೂ ಇಲ್ಲ ಅಂತ ಆವತ್ತು ಅವನಿಗೆ ಸರಿಯಾಗಿ ಹೇಳೋಕಾಗ್ಲಿಲ್ಲ, ಇಲ್ಲಿ ಹೇಳ್ತೀನಿ.

ಈ ನಾಚಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಆಗ ನಮ್ಮ ಕೋಲಾರದ ಹುಡುಗರಿಗೆ ಡೂಮ್ ಅಂದ್ರೆ ಎರಡು. ಒಂದು ಡೂಮ್ ಲೈಟ್ ಸರ್ಕಲ್, ಇನ್ನೊಂದು ಕಂಪ್ಯೂಟರ್ ಕ್ಲಾಸಿನ ಗೇಮ್. 1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಬಿಟ್ಟ ಆಟ ಅದು. ಮೊದಲ ಕಂತು ಪುಕ್ಕಟೆ, ಯಾರು ಬೇಕಾದ್ರೂ ಕಾಪಿ ಮಾಡಿ ಹಂಚಬಹುದಿತ್ತು. ಫ್ಲಾಪಿ ಕೈಯಿಂದ ಕೈಗೆ ದಾಟಿ ದಾಟಿ ನಮ್ಮೂರಿಗೂ ಬಂತು. ಡಾಸ್ ಕಲಿಸೋ ಮೇಷ್ಟ್ರು ಊಟಕ್ಕೆ ಹೋದ ಮುಕ್ಕಾಲು ಗಂಟೆ ನಮ್ಮದು.

ಆಟ ಶುರುವಾಗೋಕೆ ಮುಂಚೆ ಎಷ್ಟು ಕಷ್ಟ ಬೇಕು ಅಂತ ಕೇಳುತ್ತೆ. ತೀರಾ ಸುಲಭದ್ದಕ್ಕೆ ಅವರು ಇಟ್ಟ ಹೆಸರಿನ ಅರ್ಥ, "ಸಾಯೋಕೆ ನಂಗಿನ್ನೂ ವಯಸ್ಸಾಗಿಲ್ಲ". 1992ರಲ್ಲಿ ಅವರೇ ಮಾಡಿದ್ದ ವುಲ್ಫೆನ್‌ಸ್ಟೈನ್‌ನಲ್ಲಂತೂ "ಅಪ್ಪಾ, ನಾನೂ ಆಡ್ಲಾ?" ಅಂತಿತ್ತು, ಪಕ್ಕದಲ್ಲಿ ಹೀರೋ ತಲೆಗೆ ಕುಲಾವಿ ಹಾಕಿ ಬಾಯಿಗೆ ನಿಪ್ಪಲ್ ಇಟ್ಟ ಚಿತ್ರ. ಬಿದ್ದು ಬಿದ್ದು ನಕ್ಕಿದ್ವಿ. ನಮ್ಮ ಗುಂಪಲ್ಲಿ ಒಬ್ಬನಿಗೆ ಪೋಲಿಯೋ ಆಗಿ ಬಲಗೈ ಅಷ್ಟಾಗಿ ಆಡ್ತಿರ್ಲಿಲ್ಲ. ಆ ಕುಲಾವಿ ಒತ್ತೋಕೆ ನಾಚಿ ಅವನು ಕಷ್ಟದ್ದೇ ಒತ್ತೋನು, ಎರಡು ನಿಮಿಷದಲ್ಲಿ ಸತ್ತು ಕುರ್ಚಿ ಬಿಟ್ಟುಕೊಡೋನು. ಆಗ ನನ್ನ ಕಣ್ಣಿಗೆ ಅದು ಬೀಳ್ಲೇ ಇಲ್ಲ. ಈಗ ನನ್ನ ಹೆಬ್ಬೆರಳು ಮಾತು ಕೇಳದೇ ಇರುವಾಗ ಅವನು ಎದ್ದು ಹೋಗ್ತಿದ್ದ ರೀತಿ ನೆನಪಾಗುತ್ತೆ.

ಬೆಳಗ್ಗೆ ಟೊಮೆಟೊ ಮಂಡೀಲಿ 15 ಕೆ.ಜಿ. ಬಾಕ್ಸ್‌ಗಳ ಲೆಕ್ಕ ಬರೆದು ಬರೆದು ಸಂಜೆಗೆ ಮಣಿಕಟ್ಟು ಬಿಗಿದಿರುತ್ತೆ. ಕಣ್ಣಿಗೆ ಚಾಳೀಸು. ಟಿವಿ ಕೆಳಗೆ ಬರೋ ಅಕ್ಷರ ಓದೋಕೆ ಸೋಫಾ ಬಿಟ್ಟು ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಮುಂದೆ ಕೂರ್ತೀನಿ. ಆದ್ರೆ ಆಸೆ ಮಾತ್ರ ಹಾಗೇ ಇದೆ. ಆ ಬಾಗಿಲ ಆಚೆ ಏನಿದೆ, ಈ ಕಥೆ ಎಲ್ಲಿಗೆ ಹೋಗುತ್ತೆ ಅನ್ನೋ ಕುತೂಹಲ 19ರಲ್ಲಿ ಎಷ್ಟಿತ್ತೋ ಅಷ್ಟೇ.

ಇದನ್ನ ಅರ್ಥ ಮಾಡ್ಕೊಂಡು ಗೇಮ್ ಮಾಡಿದವರ ಮೇಲೆ ನನಗೆ ತುಂಬಾ ಗೌರವ. 2018ರ ಸೆಲೆಸ್ಟ್ ಅಂತ ಒಂದಿದೆ, ಒಬ್ಬ ಹುಡುಗಿ ಬೆಟ್ಟ ಹತ್ತೋ ಕಥೆ, ಬಹಳ ಕಷ್ಟದ ಆಟ. ಅದ್ರಲ್ಲಿ ಅಸಿಸ್ಟ್ ಮೋಡ್ ಇದೆ. ಆಟದ ವೇಗ ಅರ್ಧಕ್ಕೆ ಇಳಿಸ್ಕೋಬಹುದು, ಸುಸ್ತೇ ಆಗದ ಹಾಗೆ ಮಾಡ್ಕೋಬಹುದು. ಗೇಲಿ ಇಲ್ಲ, ಕುಲಾವಿ ಇಲ್ಲ. 2020ರ ಲಾಸ್ಟ್ ಆಫ್ ಅಸ್ ಎರಡನೇ ಭಾಗದಲ್ಲಿ ಇಂಥ ಆಯ್ಕೆಗಳು 60ಕ್ಕೂ ಹೆಚ್ಚು. ಅಕ್ಷರ ದೊಡ್ಡದು ಮಾಡ್ಕೊಂಡು ಹಿಂದಕ್ಕೆ ಹೋಗಿ ಸೋಫಾದಲ್ಲಿ ಕೂತ ಆ ರಾತ್ರಿ ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಹೆಂಡ್ತೀನ ಕರೆದು ತೋರಿಸಿದ್ದೆ.

ಇನ್ನೊಂದು ಕಡೆ 2019ರ ಸೆಕಿರೋ. ಸುಲಭ, ಕಷ್ಟ ಅಂತ ಆಯ್ಕೆನೇ ಇಲ್ಲ, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ದೊಡ್ಡ ಪ್ರಶಸ್ತಿ ಅದಕ್ಕೇ ಬಂತು. ಮಾಡಿದವರ ಇಷ್ಟ, ಬೇಡ ಅನ್ನೋಕೆ ನಾನ್ಯಾರು. ಆದ್ರೆ ಅರ್ಧಕ್ಕೆ ಬಿಟ್ಟು, ಕೊನೆಗೇನಾಯ್ತು ಅಂತ ಯೂಟ್ಯೂಬಲ್ಲಿ ಇನ್ಯಾರೋ ಆಡಿದ್ದು ನೋಡಿ ತಿಳ್ಕೊಂಡೆ. ಊಟದ ಮನೆಯ ಕಿಟಕೀಲಿ ನಿಂತು ಇಣುಕಿದ ಹಾಗಿತ್ತು.

ನಮ್ಮ ಕೋಲಾರದ ಬೆಟ್ಟದಲ್ಲಿರೋ ಅಂತರಗಂಗೆ ದೇವಸ್ಥಾನಕ್ಕೆ ಮೆಟ್ಟಿಲಿವೆ. ಅಲ್ಲಿಂದ ಮೇಲೆ ಗುಹೆ ಕಡೆ ಹೋಗ್ಬೇಕು ಅಂದ್ರೆ ಬಂಡೆ ಹಿಡಿದು ಹತ್ತಬೇಕು. ಹತ್ತೋ ಹುಡುಗರು ಹತ್ತಲಿ, ನಾನೂ ಹತ್ತಿದ್ದೀನಿ. ಆದ್ರೆ ಕಲ್ಲಿನ ಬಸವನ ಬಾಯಿಂದ ಬೀಳೋ ನೀರಿಗೆ ಬೊಗಸೆ ಒಡ್ಡಿದ ಅಜ್ಜಿಗೆ, ಮೆಟ್ಟಿಲಲ್ಲಿ ಬಂದ್ಯಾ ಬಂಡೆ ಮೇಲೆ ಬಂದ್ಯಾ ಅಂತ ಯಾರೂ ಕೇಳೋದಿಲ್ಲ.

ಸಿನಿಮಾ ವಿಷಯದಲ್ಲೂ ನನ್ನದು ಇದೇ ವಾದ. ಕಿವಿ ಮಂದ ಆದವರಿಗೆ ಕನ್ನಡ ಸಿನಿಮಾದ ಮಾತು ಕನ್ನಡದಲ್ಲೇ ಕೆಳಗೆ ಬರಬೇಕು. ಕಿವಿ ಕೇಳದವರಿಗೆ, ಕಣ್ಣು ಕಾಣದವರಿಗೆ ಥಿಯೇಟರಲ್ಲಿ ಏನೇನು ಅನುಕೂಲ ಇರ್ಬೇಕು ಅಂತ ಕೇಂದ್ರ ಸರ್ಕಾರ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಾನು ಹೋಗೋ ಥಿಯೇಟರಲ್ಲಿ ಇನ್ನೂ ಕಂಡಿಲ್ಲ. ಇಂಟರ್ವಲ್ ಒಂದು ಉಳಿದಿದೆ, ಅದನ್ನ ದಯವಿಟ್ಟು ಯಾರೂ ತೆಗೀಬೇಡಿ. ಮಂಡಿ ನೋವಿನವರಿಗೆ ಅದೇ ದೊಡ್ಡ ಆಸರೆ.

ನಮ್ಮ ಮಾವನವರು ಕೆಜಿಎಫ್ ಗಣೀಲಿ ಇದ್ದವರು, 2001ರ ಫೆಬ್ರವರಿ 28ಕ್ಕೆ ಮುಚ್ಚೋವರೆಗೂ. 2018ರ ಡಿಸೆಂಬರಲ್ಲಿ ಕೆಜಿಎಫ್ ಸಿನಿಮಾ ಬಂದಾಗ ಅವರಿಗೆ 72. ಗಣಿ ತ್ಯಾಜ್ಯ ಗುಡ್ಡೆ ಬಿದ್ದಿರೋ ಸೈನೈಡ್ ದಿಬ್ಬದ ಮೇಲೆ ಸೆಟ್ ಹಾಕಿ ಶೂಟಿಂಗ್ ಮಾಡಿದಾರಂತೆ ಅಂತ ವಾರದಿಂದ ಮನೇಲಿ ಅದೇ ಮಾತು. ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಬಂದ್ರು. ನನಗೆ ಸಿನಿಮಾ ಬಹಳ ಇಷ್ಟ ಆಯ್ತು. ಅವರು ಹೊರಗೆ ಬಂದು ಒಂದೇ ಮಾತು ಹೇಳಿದ್ರು: "ಚೆನ್ನಾಗಿದೆಯಪ್ಪ, ಆದ್ರೆ ಎಲ್ಲೂ ನಿಲ್ಲಲ್ವಲ್ಲ. ದಿಬ್ಬ ಅಂತ ಗುರುತು ಹಿಡಿಯೋಷ್ಟರಲ್ಲಿ ಹೋಗ್ಬಿಡ್ತದೆ."

ಆಮೇಲೆ ಮನೇಲಿ ಟಿವೀಲಿ ಹಾಕ್ದಾಗ ರಿಮೋಟ್ ಅವರ ಕೈಗೇ ಕೊಟ್ಟು, ಈ ಬಟನ್ ಒತ್ತಿದ್ರೆ ನಿಲ್ಲುತ್ತೆ ಅಂತ ತೋರಿಸ್ದೆ. ದಿಬ್ಬ ಬಂತು. ಒತ್ತಿದ್ರು, ನಿಲ್ತು. ಎದ್ದು ಹೋಗಿ ಟಿವಿ ಪಕ್ಕ ನಿಂತು, ಕನ್ನಡಕ ಮೇಲಕ್ಕೆ ತಳ್ಳಿ, ಬೆರಳಿಟ್ಟು ತೋರಿಸಿದ್ರು. ಚಿನ್ನ ತೆಗೆದು ಉಳಿದ ಕಲ್ಲಿನ ಹಿಟ್ಟು ಹೇಗೆ ಬಂದು ಇಲ್ಲಿ ಬೀಳ್ತಿತ್ತು, ಮಳೆ ಕೊರೆದ ಗೀರು ಯಾವುದು, ಗಾಳಿ ಕಾಲದಲ್ಲಿ ಇದೇ ಧೂಳು ಎದ್ದು ಲೈನ್ ಮನೆಗಳ ಅನ್ನದ ತಟ್ಟೆಗೆ ಹೇಗೆ ಬರೋದು, ತಟ್ಟೆ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಅತ್ತೆ ಹೇಗೆ ಬಡಿಸೋರು. ಹೇಳ್ತಾನೇ ಇದ್ರು. ತುಂಬಾ ಹೊತ್ತು ನಿಲ್ಲಿಸಿದ್ದಕ್ಕೆ ಟಿವಿ ತಾನಾಗೇ ಕಪ್ಪಾಯ್ತು, ಅವರ ಬೆರಳು ಇನ್ನೂ ಅಲ್ಲೇ ಇತ್ತು. ನಾನು ಮತ್ತೆ ಆನ್ ಮಾಡ್ದೆ.